ದಿಲ್ಲೀ ಶಿಫಾರಸು ಮೀಮಾಂಸೆ

ರಾಜಧಾನಿಯಲ್ಲಿ ಶಿಫಾರಸು ಎರಡು ಬಗೆ. ಒಂದು, ಸಂಸದರ ಲೆಟರ್‌ಹೆಡ್ಡಿನ ಮೇಲೆ ಸಹಿ ಮೊಹರಿನ ಸಮೇತ ಹೊರಡುವಂಥದ್ದು. ಇನ್ನೊಂದು, ಊಟದ ಮೇಜಿನ ಮೇಲೆ ಯಾರೂ ಕೇಳದಿದ್ದರೂ ಹೊರಡುವಂಥದ್ದು. ಮೊದಲನೆಯದರ ಬಗ್ಗೆ ಸರ್ಕಾರಿ ಕಪಾಟುಗಳ ತುಂಬ ಕಡತಗಳಿವೆ. ಎರಡನೆಯದಕ್ಕೆ ಇನ್ನೂ ಶಾಸ್ತ್ರವಿಲ್ಲ. ಆ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಅಧ್ಯಯನದ ವ್ಯಾಪ್ತಿ ದೆಹಲಿ, ಗುರುಗ್ರಾಮ, ನೋಯ್ಡಾ, ಗಾಜಿಯಾಬಾದ್, ಫರಿದಾಬಾದ್. ಅಧ್ಯಯನದ ವಸ್ತು ಅಲ್ಲಿ ನೆಲೆಸಿದ ಕನ್ನಡಿಗ. ಎದುರಿಗೆ ಕೂತು ತೃಪ್ತಿಯಿಂದ ಉಣ್ಣುತ್ತಿರುವವನಿಗೆ ಇದಕ್ಕಿಂತ ಒಳ್ಳೆಯದು ಬೇರೆಲ್ಲೋ ಸಿಗುತ್ತದೆ ಎಂದು ಹೇಳಿ ಆತನ ತುತ್ತನ್ನು ಅರ್ಧದಲ್ಲೇ ನಿಲ್ಲಿಸುವ ಕ್ರಿಯೆಗೆ ಇಲ್ಲಿ ‘ಶಿಫಾರಸು’ ಎಂದು ಹೆಸರು.

ಪೂರ್ವಸೂರಿಗಳನ್ನು ಸ್ಮರಿಸದೆ ಪ್ರಬಂಧ ಶುರುಮಾಡಿದರೆ ಮಾರ್ಗದರ್ಶಕರು ಸಹಿ ಹಾಕುವುದಿಲ್ಲ. ಆದ್ದರಿಂದ ಮೊದಲು ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರ. ಹನ್ನೆರಡನೇ ಶತಮಾನದ ಈ ದೊರೆ ತನ್ನ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗ, ಪಾನೀಯಭೋಗ ಎಂದು ಪ್ರತ್ಯೇಕ ಪ್ರಕರಣಗಳನ್ನೇ ಬರೆದ. ಹದಿನಾರನೇ ಶತಮಾನದ ಆರಂಭದಲ್ಲಿ ಮೂರನೇ ಮಂಗರಸ ‘ಸೂಪಶಾಸ್ತ್ರ’ವನ್ನು ಕನ್ನಡ ಪದ್ಯದಲ್ಲೇ ಬರೆದ. ಏನನ್ನು ಹೇಗೆ ಮಾಡಬೇಕೆಂದು ಇಬ್ಬರೂ ವಿವರವಾಗಿ ಹೇಳಿದರು. ಎಲ್ಲಿ ಚೆನ್ನಾಗಿ ಸಿಗುತ್ತದೆಂದು ಇಬ್ಬರೂ ಹೇಳಲಿಲ್ಲ. ಅರಮನೆಗೆ ಅಡುಗೆಮನೆಯಿತ್ತು, ಅವರಿಗೆ ಆ ಪ್ರಶ್ನೆಯೇ ಹುಟ್ಟಲಿಲ್ಲ. ದೆಹಲಿಯ ಮುನಿರ್ಕಾದ ಒಂದು ಕೋಣೆಯಲ್ಲಿ ಗ್ಯಾಸ್ ಸಂಪರ್ಕವಿಲ್ಲದೆ ಐಎಎಸ್ ಪರೀಕ್ಷೆಗೆ ಓದುವ ಹಾಸನದ ಹುಡುಗನಿಗೆ ಹುಟ್ಟುತ್ತದೆ.

ವಿಷಯ ಹಗುರವಾದದ್ದೆಂದು ಮೂಗು ಮುರಿಯುವವರಿಗೆ ಎರಡು ದಾಖಲೆ. ಊಟದ ಶಿಫಾರಸನ್ನೇ ದೇಶದ ದೊಡ್ಡ ವ್ಯಾಪಾರವಾಗಿ ಬೆಳೆಸಿದ ಜೊಮ್ಯಾಟೊ ಹುಟ್ಟಿದ್ದು ಇದೇ ನೆಲದಲ್ಲಿ. ಆಫೀಸಿನಲ್ಲಿ ಮಧ್ಯಾಹ್ನ ಹೋಟೆಲುಗಳ ಮೆನು ಕಾರ್ಡಿಗೆ ಜನ ಮುಗಿಬೀಳುವುದನ್ನು ಕಂಡ ಇಬ್ಬರು ನೌಕರರು ಆ ಕಾರ್ಡುಗಳನ್ನು ಸ್ಕ್ಯಾನ್ ಮಾಡಿ ಹಾಕಿದರು. 2008ರಲ್ಲಿ ಅದರ ಹೆಸರು ಫುಡೀಬೇ. ಎರಡನೆಯದು ಇನ್ನೂ ಭಾರವಾದದ್ದು. ಬಟರ್ ಚಿಕನ್ನನ್ನೂ ದಾಲ್ ಮಖನಿಯನ್ನೂ ಕಂಡುಹಿಡಿದವರು ಯಾರು ಎಂದು ಮೋತಿ ಮಹಲ್‌ನವರು ದರಿಯಾಗಂಜ್ ಎಂಬ ಹೆಸರಿನ ರೆಸ್ಟೋರೆಂಟಿನವರ ಮೇಲೆ ದೆಹಲಿ ಹೈಕೋರ್ಟಿನಲ್ಲಿ ಹೂಡಿದ ದಾವೆ 2024ರಲ್ಲಿ ಸುದ್ದಿಯಾಯಿತು. ದಾವೆಯ ಪುಟಗಳ ಸಂಖ್ಯೆ 2,752. ಕನ್ನಡದಲ್ಲಿ ಇಷ್ಟು ದಪ್ಪದ ಪಿಎಚ್‌ಡಿ ಪ್ರಬಂಧ ಯಾರಾದರೂ ಬರೆದದ್ದುಂಟೆ? ಬರೆದರೆ ಓದುವವರುಂಟೆ?

ಇನ್ನು ಪ್ರಮಾಣವಿಚಾರ. ನೈಯಾಯಿಕರು ಜ್ಞಾನಕ್ಕೆ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ದಾರಿ ಹೇಳಿದ್ದಾರೆ. ಶಿಫಾರಸು ಮಾಡುವವನು ತಾನೇ ಹೋಗಿ ತಿಂದು ಬಂದಿದ್ದರೆ ಅದು ಪ್ರತ್ಯಕ್ಷ. ಇದು ದೆಹಲಿಯಲ್ಲಿ ವಿರಳ. ದ್ವಾರಕಾದವನು ನೋಯ್ಡಾದ ಹೋಟೆಲನ್ನು ಹೊಗಳಿದರೆ ಆತ ಅಲ್ಲಿಗೆ ಹೋಗಿಲ್ಲ ಎಂದೇ ತಿಳಿಯಬೇಕು. ಬಾಗಿಲ ಹೊರಗೆ ಭಾನುವಾರ ಸಂಜೆ ಜನ ನಿಂತಿದ್ದಾರೆ, ಆದ್ದರಿಂದ ಒಳಗೆ ದೋಸೆ ಚೆನ್ನಾಗಿದೆ ಎಂಬುದು ಅನುಮಾನ. ಇದರಲ್ಲಿ ಹೇತ್ವಾಭಾಸವಿದೆ. ದೋಸೆಯನ್ನು ರಾತ್ರಿಯೂಟವೆಂದು ಭಾವಿಸಿ, ಸಾಂಬಾರನ್ನು ಬಟ್ಟಲಿಗೆ ಬಟ್ಟಲು ಸೂಪಿನ ಹಾಗೆ ಕುಡಿಯುವ ಸಮಾಜದಲ್ಲಿ ಕ್ಯೂ ಎಂಬುದು ಸಾಂಬಾರಿನ ಪರವಾದ ಸಾಕ್ಷಿಯೇ ಹೊರತು ದೋಸೆಯ ಪರವಾದದ್ದಲ್ಲ. “ನಮ್ಮ ಭಾವ ಹೇಳಿದ್ರು” ಎಂಬುದು ಶಬ್ದಪ್ರಮಾಣ. ಭಾವ ಆಪ್ತನೋ ಅಲ್ಲವೋ ಎಂಬುದು ಆಯಾ ಕುಟುಂಬಕ್ಕೆ ಬಿಟ್ಟ ವಿಷಯ.

ಆದರೆ ದೆಹಲಿ ಕನ್ನಡಿಗನ ಜ್ಞಾನಸರ್ವಸ್ವ ನಿಂತಿರುವುದು ಉಪಮಾನದ ಮೇಲೆ. ಕಾಡಿನಲ್ಲಿ ಗವಯವೆಂಬ ಪ್ರಾಣಿಯನ್ನು ಕಾಣದವನಿಗೆ ‘ಅದು ಹಸುವಿನ ಹಾಗಿರುತ್ತದೆ’ ಎಂದು ಹೇಳಿ ಗುರುತು ಹಿಡಿಸುವುದು ನ್ಯಾಯಶಾಸ್ತ್ರದ ಹಳೆಯ ಉದಾಹರಣೆ. ದೆಹಲಿಯ ದೋಸೆ ಗವಯ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ್ದು ಹಸು. 1943ರ ಆ ಹೋಟೆಲು, 1924ರ ಎಂಟಿಆರ್, ಮಲ್ಲೇಶ್ವರದ ಸಿಟಿಆರ್ ಇವು ಇಲ್ಲಿ ಹೋಟೆಲುಗಳಲ್ಲ, ಅಳತೆಗೋಲುಗಳು. ದೆಹಲಿಯ ಕಾರ್ನಾಟಿಕ್ ಕೆಫೆಯವರು ಈ ತತ್ತ್ವವನ್ನು ಎಷ್ಟು ಚೆನ್ನಾಗಿ ಅರಿತರೆಂದರೆ ಒಂದು ದೋಸೆಗೆ ಮಲ್ಲೇಶ್ವರಂ 18ನೇ ಕ್ರಾಸ್ ಎಂದೇ ಹೆಸರಿಟ್ಟರು. ಕಾನ್ಪುರದ ಗಿರಾಕಿ ಆ ದೋಸೆಯನ್ನು ತಿಂದು ಎದ್ದು ಹೋಗುತ್ತಾನೆ. ಬೆಂಗಳೂರಿನ ಗಿರಾಕಿ ತಿನ್ನುವ ಮೊದಲು ವಿಳಾಸ ಪರಿಶೀಲಿಸುತ್ತಾನೆ, ತಾನು 8ನೇ ಕ್ರಾಸಿನವನೆಂದು ಮಾಣಿಗೆ ತಿಳಿಸುತ್ತಾನೆ, ಮಾಣಿಗೆ ಕನ್ನಡ ಬಾರದಿದ್ದರೆ ಹಿಂದಿಯಲ್ಲಿ ತಿಳಿಸುತ್ತಾನೆ.

ಮೀಮಾಂಸಕರಲ್ಲಿ ಭಾಟ್ಟರು ಇನ್ನೂ ಎರಡು ಪ್ರಮಾಣ ಸೇರಿಸುತ್ತಾರೆ. ಅವುಗಳಲ್ಲಿ ಕೊನೆಯದಾದ ಅನುಪಲಬ್ಧಿ, ಅಂದರೆ ಇಲ್ಲದಿರುವುದರಿಂದ ಹುಟ್ಟುವ ಜ್ಞಾನ, ನಮ್ಮ ಹಿರಿಯರಿಗೆ ಅತ್ಯಂತ ಪ್ರಿಯ. ಮುಚ್ಚಿಹೋದ ಹೋಟೆಲನ್ನು ಶಿಫಾರಸು ಮಾಡುವುದೇ ಅದು. “ಲೋಧಿ ಹೋಟೆಲಿನಲ್ಲಿ ವುಡ್‌ಲ್ಯಾಂಡ್ಸ್ ಇತ್ತಲ್ಲ ರಾಯರೇ, ಅಲ್ಲಿಯ ಕಾಫಿ!” ಎಂದು ಒಬ್ಬರು ಶುರುಮಾಡಿದರೆ ಮೇಜಿನಲ್ಲಿ ಉಳಿದವರೆಲ್ಲ ಸೋತಂತೆ. ತೆರೆದಿರುವ ಹೋಟೆಲನ್ನು ಹೊಗಳಿದವನ ಮಾತು ನಾಳೆಯೇ ಸುಳ್ಳಾಗಬಹುದು. ಮುಚ್ಚಿದ ಹೋಟೆಲಿನ ಶಿಫಾರಸನ್ನು ಬ್ರಹ್ಮನೂ ಖಂಡಿಸಲಾರ.

ಆ ವುಡ್‌ಲ್ಯಾಂಡ್ಸನ್ನು ಮುಂದೆ ವಹಿಸಿಕೊಂಡು ಸಾಗರ್ ರತ್ನ ಮಾಡಿದವರು ಕಾರ್ಕಳದ ಜಯರಾಮ ಬನಾನ್. ಇದಕ್ಕೆ ಮುಂಚೆ 1986ರಲ್ಲಿ ಅವರು ಡಿಫೆನ್ಸ್ ಕಾಲೊನಿಯ ಮಾರ್ಕೆಟಿನಲ್ಲಿ 40 ಜನ ಕೂರುವಷ್ಟು ಜಾಗದಲ್ಲಿ ‘ಸಾಗರ್’ ತೆರೆದಿದ್ದರು. ಬಾಲಕನಾಗಿ ಮನೆ ಬಿಟ್ಟು ಮುಂಬಯಿಗೆ ಓಡಿ, ಹೋಟೆಲಿನಲ್ಲಿ ತಟ್ಟೆ ತೊಳೆದು, ಆಮೇಲೆ ಗಾಜಿಯಾಬಾದಿನಲ್ಲಿ ಒಂದು ಸರ್ಕಾರಿ ಕಾರ್ಖಾನೆಯ ಕ್ಯಾಂಟೀನು ನಡೆಸಿದ ಮನುಷ್ಯ. ಉತ್ತರ ಭಾರತಕ್ಕೆ ದೋಸೆ ಕಲಿಸಿದ ಕೀರ್ತಿ ಬಹುಪಾಲು ಅವರದೇ. ತಮಾಷೆಯೆಂದರೆ ಅವರ ಹೋಟೆಲಿನ ಸಾಂಬಾರನ್ನು ಪಂಜಾಬಿಗಳು ಯಾವ ತಕರಾರೂ ಇಲ್ಲದೆ ಊರಿಗೆಲ್ಲ ಶಿಫಾರಸು ಮಾಡಿದರು. ತಕರಾರು ತೆಗೆದವರು ನಮ್ಮವರೇ. ಉಡುಪಿಯವರಿಗೆ ಬೆಲ್ಲ ಸಾಲದು, ಮೈಸೂರಿನವರಿಗೆ ಬೆಲ್ಲ ಜಾಸ್ತಿ, ಬೀದರಿನವರಿಗೆ ಬೆಲ್ಲ ಹಾಕಿದ್ದೇ ಅಪರಾಧ.

ಕ್ಷೇತ್ರಕಾರ್ಯದ ಒಂದು ಮಾದರಿಯನ್ನು ಇಲ್ಲಿ ಕೊಡುವುದು ಸೂಕ್ತ. ಸ್ಥಳ: ಆರ್.ಕೆ. ಪುರಂ ಸೆಕ್ಟರ್ 12ರ ದೆಹಲಿ ಕರ್ನಾಟಕ ಸಂಘ. 1948ರಲ್ಲಿ ಹುಟ್ಟಿದ ಸಂಸ್ಥೆ. ಅದರ ಕಟ್ಟಡದಲ್ಲೇ ಕರ್ನಾಟಕ ಫುಡ್ ಸೆಂಟರ್ ಎಂಬ ಹೋಟೆಲೂ ಉಂಟು. ಸಭಾಂಗಣದಲ್ಲಿ ಯಕ್ಷಗಾನ ಮುಗಿದ ಮೇಲೆ ಮೆಟ್ಟಿಲ ಬಳಿ ನಾಲ್ವರು ನಿಂತಿದ್ದಾರೆನ್ನಿ. ಸಂಭಾಷಣೆ ತಪ್ಪದೆ ಹೀಗೆಯೇ ಸಾಗುತ್ತದೆ.

“ನೀವು ಸೀದಾ ಡಿಫೆನ್ಸ್ ಕಾಲೊನಿಗೆ ಹೋಗಿ ಮಾರಾಯ್ರೆ, ಸ್ವಾಗತ್‌ನಲ್ಲಿ ಮೀನು ತಿನ್ನಿ. ಆದ್ರೆ ಊರಿನ ಮೀನಿನ ಲೆಕ್ಕ ಬೇರೆ, ಅದು ಬಿಡಿ.”

“ಅಷ್ಟು ದೂರ ಯಾಕೆ ಸಾರ್? ಇಲ್ಲೇ ಒಳಗೆ ಒಂದು ದೋಸೆ ತಿಂದು ಕಾಫಿ ಕುಡುದ್ರೆ ಆಯ್ತಪ್ಪ. ಆದ್ರೆ ಮೈಸೂರಲ್ಲಿ ನಮ್ಮನೆ ಹತ್ರ ಒಬ್ಬ ಮಾಡ್ತಿದ್ದ...”

“ನೀವೆಲ್ಲಾ ದ್ವಾಸಿ ದ್ವಾಸಿ ಅಂತ ಸಾಯ್ತೀರಿ. ಒಂದ್ ಬಿಸಿ ಜ್ವಾಳದ ರೊಟ್ಟಿ, ಎಣ್ಣಿಗಾಯಿ ಪಲ್ಯಾ ಎಲ್ಲಿ ಸಿಗ್ತೈತಿ, ಅದನ್ನ ಹೇಳ್ರಿ ನೋಡೋಣು.”

ಧಾರವಾಡದವರ ಈ ಪ್ರಶ್ನೆಗೆ ಒಂದು ಗಳಿಗೆ ಮೌನ. ಆಗ ನಾಲ್ಕನೆಯವರು, ಬಳ್ಳಾರಿಯವರು, ಬಾಯಿ ತೆರೆಯುತ್ತಾರೆ: “ಸುಮ್ನೆ ಆಂಧ್ರ ಭವನಕ್ ಹೋಗಾನ ನಡೀರಿ.” ಸರ್ವಾನುಮತ! ಅಶೋಕ ರಸ್ತೆಯ ಆ ಕ್ಯಾಂಟೀನಿನಲ್ಲಿ ಕೂಪನ್ ಹಿಡಿದು ಕ್ಯೂ ನಿಂತರೆ ಬೇಕಾದಷ್ಟು ಅನ್ನ, ಪಪ್ಪು, ತುಪ್ಪದ ಜೊತೆ ಕಲಸಿಕೊಳ್ಳಲು ಪುಡಿ, ಭಾನುವಾರವಾದರೆ ಬಿರಿಯಾನಿ. ಕಾವೇರಿ, ಶರಾವತಿ, ಭೀಮಾ ಎಂದು ನದಿಗಳ ಹೆಸರಿನ ಮೂರು ಕರ್ನಾಟಕ ಭವನಗಳು ಇದೇ ನಗರದಲ್ಲಿರುವಾಗ ಕನ್ನಡ ಸಂಘದ ಮೆಟ್ಟಿಲ ಮೇಲೆ ತೆಲುಗು ಊಟಕ್ಕೆ ಬಹುಮತ ಸಿಗುವುದೇಕೆ? ಉತ್ತರ ಸುಲಭ. ಪಕ್ಕದ ರಾಜ್ಯದ ಊಟವನ್ನು ಅಮ್ಮನ ಅಡುಗೆಯೊಂದಿಗೆ ಹೋಲಿಸುವ ಹಂಗಿಲ್ಲ. ಅಲ್ಲಿ ಹಸುವೂ ಇಲ್ಲ, ಗವಯವೂ ಇಲ್ಲ. ಹಸಿವು ಮಾತ್ರ ಇದೆ.

ಬಿಯರಿನ ಅಧ್ಯಾಯಕ್ಕೆ ಬಂದರೆ ತರ್ಕಶಾಸ್ತ್ರ ಸಾಲದು, ಧರ್ಮಶಾಸ್ತ್ರ ಬೇಕು. ಬೆಂಗಳೂರಿನ ಇಂದಿರಾನಗರದ ಟಾಯ್ಟ್ ಬ್ರೂವರಿಯಲ್ಲಿ ಕೂತವರಿಗೆ ಬಿಯರಿನ ಶಿಫಾರಸು ರುಚಿಯ ವಿಷಯ. ದೆಹಲಿ ಪ್ರಾಂತ್ಯದಲ್ಲಿ ಅದು ಮೊದಲು ಅಬಕಾರಿ ವಿಷಯ, ಆಮೇಲೆ ಮೆಟ್ರೋ ನಕ್ಷೆಯ ವಿಷಯ, ಸಮಯ ಉಳಿದರೆ ರುಚಿಯ ವಿಷಯ. ದೆಹಲಿಯಲ್ಲಿ ಮದ್ಯಪಾನಕ್ಕೆ ವಯಸ್ಸು 25. ಹರಿಯಾಣ 2021ರ ಡಿಸೆಂಬರಿನಲ್ಲಿ ಕಾಯ್ದೆ ತಿದ್ದಿ 25ನ್ನು 21ಕ್ಕಿಳಿಸಿತು. ಹೀಗಾಗಿ ಮೆಟ್ರೋದ ಹಳದಿ ಮಾರ್ಗದಲ್ಲಿ ದಕ್ಷಿಣಕ್ಕೆ ಹೊರಟ 23ರ ತರುಣ, ದೆಹಲಿಯ ಕೊನೆಯ ನಿಲ್ದಾಣ ಅರ್ಜನ್‌ಗಢದಲ್ಲಿ ಇನ್ನೂ ಬಾಲಕ. ಮುಂದಿನ ನಿಲ್ದಾಣದಲ್ಲಿ ಬಾಗಿಲು ತೆರೆಯುವಷ್ಟರಲ್ಲಿ ಪ್ರಾಪ್ತವಯಸ್ಕ. ಆ ಮುಂದಿನ ನಿಲ್ದಾಣದ ಹೆಸರು ಗುರು ದ್ರೋಣಾಚಾರ್ಯ. ಉಪನಯನಕ್ಕೆ ಇದಕ್ಕಿಂತ ಪ್ರಶಸ್ತವಾದ ಕ್ಷೇತ್ರ ಭರತಖಂಡದಲ್ಲಿ ಇನ್ನೊಂದಿಲ್ಲ.

ಅಲ್ಲೇ ಕಾಯಿಸಿ ಅಲ್ಲೇ ಸುರಿಯುವ ಮೈಕ್ರೋಬ್ರೂವರಿಗಳ ಭಕ್ತರು ಈ ಗಡಿ ದಾಟಿ ಗುರುಗ್ರಾಮದ ಸೆಕ್ಟರ್ 29ಕ್ಕೋ ಸೈಬರ್ ಹಬ್‌ಗೋ ಹೋಗುವುದು ರೂಢಿ. ದೆಹಲಿ ಸರ್ಕಾರದ 2021-22ರ ಅಬಕಾರಿ ನೀತಿ ಮೈಕ್ರೋಬ್ರೂವರಿಗಳಿಗೆ ಬಾಗಿಲು ತೆರೆದಿತ್ತು. ಆದರೆ ಆ ನೀತಿಯ ಮೇಲೆಯೇ ಸಿಬಿಐ ತನಿಖೆ ಬಂದು, 2022ರ ಸೆಪ್ಟೆಂಬರ್ 1ರಿಂದ ಹಳೆಯ ಪದ್ಧತಿ ಮರಳಿತು. ಗುರುಗ್ರಾಮವೂ ಸುಖವಾಗಿತ್ತೆಂದಲ್ಲ. ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯ ಮಾರಕೂಡದೆಂಬ ಸುಪ್ರೀಂ ಕೋರ್ಟಿನ ಆದೇಶ 2017ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ಅಲ್ಲಿಯ ರಸಿಕರು ಬಿಯರಿಗಿಂತ ಹೆಚ್ಚು ಅಳತೆಪಟ್ಟಿಯ ಬಗ್ಗೆ ಮಾತಾಡಿದರು. 2023ರ ಜೂನಿನಲ್ಲಿ ಮೆಟ್ರೋ ನಿಗಮ, ಒಬ್ಬರು ಎರಡು ಸೀಲ್ ಮಾಡಿದ ಬಾಟಲಿಗಳನ್ನು ರೈಲಿನಲ್ಲಿ ಒಯ್ಯಬಹುದೆಂದು ಪ್ರಕಟಿಸಿತು. ಯಾವ ರಾಜ್ಯದ ಬಾಟಲಿ ಯಾವ ರಾಜ್ಯದಲ್ಲಿ ಇಳಿಯಬಹುದೆಂಬುದು ಮಾತ್ರ ಆಯಾ ರಾಜ್ಯದ ಅಬಕಾರಿ ಇಲಾಖೆಯ ಚಿತ್ತ. ಬಾಟಲಿಯ ಮೇಲಿನ ಅಕ್ಷರಕ್ಕೂ ಇಲ್ಲಿ ಮಹತ್ವವಿದೆ. 2015ರಲ್ಲಿ ದೆಹಲಿಯಲ್ಲಿ ಮಾರುಕಟ್ಟೆಗೆ ಬಂದ ಬಿರಾ 91, ಮೊದಮೊದಲು ಬೆಲ್ಜಿಯಂನಲ್ಲಿ ತಯಾರಾಗಿ ಬರುತ್ತಿತ್ತು. ಅದರ ಕಂಪನಿ ಮುಂದೆ ತನ್ನ ಹೆಸರಿನಿಂದ ‘ಪ್ರೈವೇಟ್’ ಎಂಬ ಒಂದೇ ಪದವನ್ನು ತೆಗೆದದ್ದಕ್ಕೆ ರಾಜ್ಯ ರಾಜ್ಯಗಳಲ್ಲಿ ಲೇಬಲುಗಳನ್ನು ಮತ್ತೆ ನೋಂದಾಯಿಸಬೇಕಾಗಿ, ತಿಂಗಳುಗಟ್ಟಲೆ ಮಾರಾಟ ನಿಂತಿತು. ಪದವೊಂದನ್ನು ಬಿಟ್ಟರೆ ಯಜ್ಞ ಕೆಡುತ್ತದೆ ಎನ್ನುವ ಮೀಮಾಂಸಕರು ಅಬಕಾರಿ ಇಲಾಖೆಯಲ್ಲಿ ಇನ್ನೂ ಕೆಲಸದಲ್ಲಿದ್ದಾರೆ.

ಇಷ್ಟೆಲ್ಲ ದಾಟಿ ಮೇಜಿಗೆ ಕೂತ ಮೇಲೆ ಮರದ ಹಲಗೆಯೊಂದರಲ್ಲಿ ಸಾಲಾಗಿ ಪುಟ್ಟ ಲೋಟಗಳು ಬರುತ್ತವೆ. ಮೊದಲನೆಯದು ಜರ್ಮನ್ ಬಗೆಯ ಗೋಧಿ ಬಿಯರು, ಮಸುಕು ಹಳದಿ. ಅದರ ಯೀಸ್ಟು ಹುಳಿಯುವಾಗ ಬಾಳೆಹಣ್ಣಿನದೂ ಲವಂಗದ್ದೂ ವಾಸನೆ ಹುಟ್ಟಿಸುತ್ತದೆ. ಇದು ರಸಾಯನಶಾಸ್ತ್ರ ಒಪ್ಪಿದ ಸಂಗತಿ, ಬಾಳೆಹಣ್ಣು ಯಾರೂ ಹಾಕಿರುವುದಿಲ್ಲ. ದೆಹಲಿಯ ಗೆಳೆಯ “ಕೇಲಾ” ಎಂದು ಹೇಳಿ ಸುಮ್ಮನಾಗುತ್ತಾನೆ. ಕನ್ನಡಿಗರ ಮೇಜಿನಲ್ಲಿ ವಿಷಯ ಅಲ್ಲಿಗೆ ನಿಲ್ಲುವುದಿಲ್ಲ. ಏಲಕ್ಕಿ ಬಾಳೆಯೋ ಪಚ್ಚಬಾಳೆಯೋ? ನಂಜನಗೂಡು ರಸಬಾಳೆ ಎಂದು ಮೈಸೂರಿನವರು ಪಟ್ಟು ಹಿಡಿಯುತ್ತಾರೆ, ಪುತ್ತೂರಿನವರು ಕದಳಿ ಎನ್ನುತ್ತಾರೆ. ವಾದ ಮುಗಿಯುವ ಹೊತ್ತಿಗೆ ನೊರೆ ಇಳಿದಿರುತ್ತದೆ. ಕೊನೆಯ ಲೋಟದ ಕಪ್ಪು ಸ್ಟೌಟಿನಲ್ಲಿ ಕಾಫಿ ವಾಸನೆಯಿದೆಯೆಂದು ಮಾಣಿ ಹೇಳಿದನೋ, ಚಿಕ್ಕಮಗಳೂರಿನವರು ಚಿಕೋರಿ ಎಷ್ಟು ಎಂದು ಕೇಳುತ್ತಾರೆ.

ವೈನಿನಲ್ಲಿ ಕನ್ನಡಿಗನ ಸ್ಥಾನಮಾನ ವಿಚಿತ್ರ. 2002ರಲ್ಲಿ ಸುಭಾಷ್ ಅರೋರಾ ಕಟ್ಟಿದ ದೆಹಲಿ ವೈನ್ ಕ್ಲಬ್ಬಿನಂಥ ಕಡೆ ಜನ ಕೂಡಿ ಉಣ್ಣುತ್ತ, ಲೋಟ ತಿರುಗಿಸುತ್ತ, ಒಬ್ಬರಿಗೊಬ್ಬರು ಸಲಹೆ ಕೊಡುವುದನ್ನು ಕಲಿತರು. ಇಂಥ ಮೇಜಿನಲ್ಲಿ ನಮ್ಮವನು ಬಾಯಿ ಮುಚ್ಚಿ ಕೂತಿರುತ್ತಾನೆ, ಬಾಟಲಿಯ ಲೇಬಲಿನಲ್ಲಿ ‘ನಂದಿ ಹಿಲ್ಸ್’ ಕಾಣುವವರೆಗೆ. ಕಂಡ ಕ್ಷಣ ಆತ ಅಧಿಕಾರವಾಣಿ. ಕನ್ವಲ್ ಗ್ರೋವರ್ 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಫ್ರೆಂಚ್ ತಳಿಯ ಬಳ್ಳಿಗಳನ್ನು ನೆಟ್ಟದ್ದು, ಬೋರ್ಡೋದ ಮಿಶೆಲ್ ರೋಲಾನ್ ಸಲಹೆಗಾರನಾಗಿ ಬಂದದ್ದು ಇವೆಲ್ಲ ಆತನಿಗೆ ತಿಳಿದಿರಬೇಕಿಲ್ಲ. ಕಾಲೇಜಿನ ದಿನಗಳಲ್ಲಿ ಬೆಳಗಿನ ಜಾವ ಗೆಳೆಯನ ಬೈಕಿನ ಹಿಂದೆ ಕೂತು ನಂದಿಬೆಟ್ಟಕ್ಕೆ ಹೋಗಿದ್ದೇ ಸಾಕಾದ ವಿದ್ಯಾರ್ಹತೆ. “ಅಲ್ಲಿಯ ಮಣ್ಣು ಗೊತ್ತು ನಂಗೆ” ಎನ್ನುತ್ತಾನೆ. ಹಂಪಿಯ ಕಡೆಯ ಕೃಸ್ಮಾ ವೈನು ಬಂದರೆ ಹೊಸಪೇಟೆಯವರಿಗೆ ಇದೇ ಪದವಿ ಪ್ರಾಪ್ತಿ. ದ್ರಾಕ್ಷಾರಸ ಪಂಡಿತರು ಭೂಮಿಯ ಗುಣವೇ ವೈನಿನ ಗುಣ ಎಂದು ಶತಮಾನಗಳಿಂದ ಹೇಳುತ್ತ ಬಂದಿದ್ದಾರೆ. ಆ ಸಿದ್ಧಾಂತವನ್ನು ಒಂದು ಹನಿ ಕುಡಿಯದೆ ಅರಗಿಸಿಕೊಂಡವರು ನಾವು.

ಸಿದ್ಧಾಂತಪಕ್ಷವಿಷ್ಟು. ಮೇಲಿನ ಕ್ಷೇತ್ರಕಾರ್ಯದಲ್ಲಿ ‘ಆದ್ರೆ’ ಇಲ್ಲದ ಶಿಫಾರಸು ಒಂದೇ ಒಂದು ಸಿಕ್ಕಿದೆ, ಅದು ಆಂಧ್ರ ಭವನದ್ದು. ಉಳಿದೆಡೆಯೆಲ್ಲ ಹೇಳುವವನು ಹೋಟೆಲನ್ನು ಹೊಗಳುತ್ತಿಲ್ಲ, ತನ್ನ ಊರಿನ ಗಡಿ ಗುರುತಿಸುತ್ತಿದ್ದಾನೆ. ಕೇಳುವವನು ಹೋಟೆಲಿನ ಹೆಸರು ಬರೆದುಕೊಂಡರೂ ಹೋಗುವುದಿಲ್ಲ. ತನ್ನ ಸರದಿ ಬಂದಾಗ ಬೇರೊಂದು ಹೆಸರು ಹೇಳುತ್ತಾನೆ. ಪ್ರಬಂಧಕಾರನ ಅಭಿಪ್ರಾಯದಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ, ಹೋಟೆಲಿನವರೊಬ್ಬರನ್ನು ಬಿಟ್ಟು.

ಈ ಪ್ರಬಂಧದ ಮೇಲಿನ ಆಕ್ಷೇಪಣೆಗಳನ್ನು ಲಿಖಿತವಾಗಿ ಸಲ್ಲಿಸಬಹುದು. ಬಿಯರ್ ಮತ್ತು ವೈನಿನ ಭಾಗಕ್ಕೆ ಆಕ್ಷೇಪಿಸುವವರು ದೆಹಲಿ ನಿವಾಸಿಗಳಾದಲ್ಲಿ 25 ತುಂಬಿದ ಪುರಾವೆ ಲಗತ್ತಿಸತಕ್ಕದ್ದು. ಗುರುಗ್ರಾಮ ಮತ್ತು ನೋಯ್ಡಾದವರಿಗೆ 21 ಸಾಕು.