ಪಕ್ಷಿಚಿತ್ರ ಕರ್ತನ ಮೀಮಾಂಸೆ

ದೂರದಿಂದ ತೆಗೆದ ಹಕ್ಕಿಯನ್ನು ಮನೆಗೆ ಬಂದ ಮೇಲೆ ಹತ್ತಿರಕ್ಕೆ ಎಳೆದುಕೊಳ್ಳುವ ವಿದ್ಯೆಗೆ ಕರ್ತನಶಾಸ್ತ್ರವೆಂದು ಹೆಸರು. ಆಡುಮಾತಿನಲ್ಲಿ ಕ್ರಾಪ್ ಮಾಡುವುದು. ಕ್ಲೋಸಪ್ ಎಂದು ಕರೆಸಿಕೊಳ್ಳುವ ಎಷ್ಟೋ ಹಕ್ಕಿಚಿತ್ರಗಳ ಜನ್ಮಸ್ಥಳ ಕೆರೆಯ ದಂಡೆಯಲ್ಲ, ಊಟದ ಮೇಜು: ಲ್ಯಾಪ್‌ಟಾಪಿನ ಚಾರ್ಜರಿಗೂ ಉಪ್ಪಿನಕಾಯಿ ಜಾಡಿಗೂ ನಡುವಿನ ಜಾಗ.

ಶಾಸ್ತ್ರದ ಬುಡ ಗಣಿತದಲ್ಲಿದೆ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಒಣಕೊಂಬೆಯೊಂದರ ಮೇಲೆ ಕೂತ, ಬಿಳಿ ಎದೆ, ಕೆಂಪು ಕೊಕ್ಕಿನ ಮಿಂಚುಳ್ಳಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಹಕ್ಕಿಯ ಉದ್ದ ಸುಮಾರು 28 ಸೆಂ.ಮೀ., ದೂರ 20 ಮೀಟರ್, ಲೆನ್ಸ್ 400 ಮಿ.ಮೀ. ಫುಲ್‌ಫ್ರೇಮ್ ಸೆನ್ಸರಿನ ಮೇಲೆ ಅದು ಮೂಡುವುದು 5.6 ಮಿ.ಮೀ. ಮಾತ್ರ, 6000 ಪಿಕ್ಸೆಲ್ ಅಗಲದಲ್ಲಿ ಹಕ್ಕಿಯ ಪಾಲು 930ರ ಆಸುಪಾಸು. ಮಿಕ್ಕದ್ದೆಲ್ಲ ಕೆರೆ. ಲೆನ್ಸಿಗೆ ತಿಂಗಳ ಕಂತು ಕಟ್ಟುತ್ತಿರುವುದು ಕೆರೆ ನೋಡಲಿಕ್ಕಲ್ಲವಾದ್ದರಿಂದ ಕತ್ತರಿ ಅನಿವಾರ್ಯವಾಗುತ್ತದೆ. ಚೌಕಟ್ಟನ್ನು 1500×1000ಕ್ಕೆ ಇಳಿಸಿದರೆ 24 ಮೆಗಾಪಿಕ್ಸೆಲ್‌ನಲ್ಲಿ ಉಳಿಯುವುದು ಒಂದೂವರೆ. ಇಂಚಿಗೆ 300 ಚುಕ್ಕೆಯಂತೆ ಅಚ್ಚು ಹಾಕಿಸಿದರೆ 5 ಇಂಚು ಅಗಲ. ಗೋಡೆಯ ಕ್ಯಾಲೆಂಡರಿಗೆ ಸಾಲದು, ವಾಟ್ಸಾಪ್ ಡಿಪಿಗೆ ಧಾರಾಳ.

ಕೊಕ್ಕು ತಿರುಗಿದ ಕಡೆ ಜಾಗ ಬಿಡಬೇಕೆಂಬುದು ಸರ್ವಸಮ್ಮತ. ಬಿಡದಿದ್ದರೆ ಹಕ್ಕಿ ಮುನಿಸಿಕೊಂಡು ಗೋಡೆಗೆ ಮುಖ ಮಾಡಿ ಕೂತಂತಿರುತ್ತದೆ. ವಿವಾದವೇಳುವುದು ಬಾಲದ ವಿಷಯದಲ್ಲಿ. ಬಾಲದ ತುದಿ ಒಂದಿಷ್ಟು ಹೋದರೆ ಅದು ಪ್ರಮಾದ. ಎದೆಯಿಂದ ಕೆಳಗೆ ಎಲ್ಲವೂ ಹೋದರೆ ಅದು ಪೋರ್ಟ್ರೇಟ್. ಆದಕಾರಣ, ಕೈತಪ್ಪಿ ಬಾಲ ಕತ್ತರಿಸಿದವರು ಅಲ್ಲಿಗೇ ನಿಲ್ಲದೆ ಧೈರ್ಯವಾಗಿ ಕತ್ತರಿಸುತ್ತಾ ಹೋಗಬೇಕೆಂದು ಬಲ್ಲವರ ಮತ. ವಿಚಿತ್ರವೆಂದರೆ, ಈ ಮತ ಸರಿಯಾಗಿಯೇ ಇದೆ.

ಕಣ್ಣಿನಲ್ಲಿ ಬೆಳಕಿನ ಒಂದು ಚುಕ್ಕೆ ಇದ್ದರೆ ಹಕ್ಕಿ ಜೀವಂತ, ಇಲ್ಲದಿದ್ದರೆ ಮ್ಯೂಸಿಯಮ್ಮಿನದು. ಕೆಲವು ಚಿತ್ರಗಳಲ್ಲಿ ಕಣ್ಣು ಹಾಲಿನಂತೆ ಮಸುಕಾಗಿರುತ್ತದೆ. ಹೊಸಬರು ಇದನ್ನು ಪೊರೆ ಬಂದದ್ದೆಂದು ತಿಳಿದು ಮರುಗುವುದುಂಟು. ಅದು ಹಕ್ಕಿಗಳ ಮೂರನೆಯ ರೆಪ್ಪೆ. ಕ್ಷಣಮಾತ್ರ ಸರಿದು ಹೋಗುವಂಥದ್ದು. ಇದಕ್ಕೆ ಎಡಿಟಿಂಗಿನಲ್ಲಿ ಔಷಧವಿಲ್ಲ. ಒತ್ತಿಹಿಡಿದು ತೆಗೆದ ನಲವತ್ತು ಚಿತ್ರಗಳಲ್ಲಿ ಮುಂದಿನದನ್ನು ನೋಡಬೇಕು.

ಬಿಳಿ ಎದೆ ಬಿಸಿಲಿಗೆ ಸುಣ್ಣ ಬಳಿದಂತಾಗಿದ್ದರೆ ರಾ ಫೈಲಿನಿಂದ ಗರಿಗಳನ್ನು ಒಂದು ಮಟ್ಟಿಗೆ ಮರಳಿ ಪಡೆಯಬಹುದು. ಸೆನ್ಸರ್ ಪೂರ್ತಿ ತುಂಬಿ ತುಳುಕಿದ್ದರೆ ಅಲ್ಲಿ ಗರಿಯೂ ಇಲ್ಲ, ಹಕ್ಕಿಯೂ ಇಲ್ಲ, ಬರೀ ಬಿಳುಪು. ಬೆನ್ನಿನ ನೀಲಿಯದು ಬೇರೆ ಕಥೆ. ಅದು ಬಣ್ಣದ ದ್ರವ್ಯದಿಂದ ಬಂದದ್ದಲ್ಲ; ಗರಿಯೊಳಗಿನ ಅತಿಸೂಕ್ಷ್ಮ ರಚನೆ ಬೆಳಕನ್ನು ಚದುರಿಸಿ ತೋರಿಸುವ ನೀಲಿ. ಗರಿಯನ್ನು ಅರೆದು ನೋಡಿದರೆ ಅದು ಸಿಗದು. ಸ್ಯಾಚುರೇಶನ್ ಸ್ಲೈಡರ್ ಎಳೆದರೆ ಮಾತ್ರ ಬೇಕಾದಷ್ಟು ಸಿಗುತ್ತದೆ: ಮೊದಲು ಮಿಂಚುಳ್ಳಿಯ ನೀಲಿ, ಆಮೇಲೆ ಮದುವೆ ಶಾಮಿಯಾನದ ನೀಲಿ, ಕೊನೆಗೆ ಬಟ್ಟೆಗೆ ಹಾಕುವ ನೀಲಿ. ಎರಡನೆಯ ಘಟ್ಟದಲ್ಲಿ ಲೈಕುಗಳು ಹೆಚ್ಚೆಂದು ಅನುಭವಿಗಳು ಹೇಳುತ್ತಾರೆ.

ಶಾರ್ಪನಿಂಗ್ ಎಂಬುದು ತಪ್ಪಿದ ಫೋಕಸ್ಸನ್ನು ತಂದುಕೊಡುವುದಿಲ್ಲ. ಅಂಚುಗಳ ಕಪ್ಪು ಬಿಳುಪು ಎದ್ದು ಕಾಣುವಂತೆ ಮಾಡುತ್ತದೆ ಅಷ್ಟೆ. ಅತಿಯಾದರೆ ಹಕ್ಕಿಯ ಸುತ್ತ ಬೆಳ್ಳನೆಯ ಗೆರೆ ಮೂಡುತ್ತದೆ. ಇದಕ್ಕೆ ಪ್ರಭಾವಳಿ ಎನ್ನಬಹುದು. ಉತ್ಸವಮೂರ್ತಿಗೆ ಅದು ಭೂಷಣ, ಮಿಂಚುಳ್ಳಿಗೆ ಅಲ್ಲ.

ಇನ್ನು ಧರ್ಮಸೂಕ್ಷ್ಮ. ಚೌಕಟ್ಟಿನ ಬಲಗಡೆ ದೀಪದ ಕಂಬ, ಬಾಲಕ್ಕೆ ಅಡ್ಡಲಾಗಿ ಒಂದು ಹುಲ್ಲೆಸಳು ಇವೆಯೆನ್ನೋಣ. ಅಂತರರಾಷ್ಟ್ರೀಯ ಛಾಯಾಚಿತ್ರ ಸಂಸ್ಥೆಗಳು ನಿಸರ್ಗ ವಿಭಾಗಕ್ಕೆ ಒಪ್ಪಿಕೊಂಡ ನಿಯಮದಂತೆ, ಚಿತ್ರದಲ್ಲಿರುವುದನ್ನು ಕ್ರಾಪ್ ಮಾಡಿ ತೆಗೆಯಬಹುದು, ಒರೆಸಿ ತೆಗೆಯುವಂತಿಲ್ಲ. ಹೀಗಾಗಿ ಆಳೆತ್ತರದ ಕಂಬವನ್ನು ನುಂಗಿದವರಿಗೆ ಪದಕ, ಹುಲ್ಲೆಸಳು ಕಿತ್ತವರಿಗೆ ಬಹಿಷ್ಕಾರ.

ಇಷ್ಟೆಲ್ಲ ನಡೆದರೂ ಮೂಲ ಫೈಲಿಗೆ ಏನೂ ಆಗಿರುವುದಿಲ್ಲ. ರಾ ಎಡಿಟಿಂಗ್ ತಂತ್ರಾಂಶಗಳು ಬದಲಾವಣೆಯ ಸೂಚನೆಗಳನ್ನಷ್ಟೇ ಬೇರೆಯಾಗಿ ಬರೆದಿಟ್ಟುಕೊಳ್ಳುತ್ತವೆ. ರೀಸೆಟ್ ಒತ್ತಿದರೆ ಕೆರೆ ಹಿಂದಿರುಗುತ್ತದೆ, ಕಂಬ ಹಿಂದಿರುಗುತ್ತದೆ, ಮಿಂಚುಳ್ಳಿ ತನ್ನ 930 ಪಿಕ್ಸೆಲ್‌ಗೆ ಮರಳುತ್ತದೆ. ಎಡ ಅಂಚಿನಲ್ಲಿ, ಎಲೆಗಳ ಮರೆಯಲ್ಲಿ, ಅದೇ ಕೊಂಬೆಯ ಇನ್ನೊಂದು ತುದಿಗೆ ಮತ್ತೊಂದು ಮಿಂಚುಳ್ಳಿ ಕೂತಿದೆ. ಅದರ ಕೊಕ್ಕಿನಲ್ಲಿ ಮೀನು.