ಮಾಖಣ್‌ಗೆ ಏಕಾದಶಿ ಇಲ್ಲ

ಅಹಮದಾಬಾದಿನ ವಸ್ತ್ರಾಪುರ ಕೆರೆಗೆ ಭಕ್ತಕವಿ ನರಸಿಂಹ ಮೆಹ್ತಾನ ಹೆಸರಿಟ್ಟಿದ್ದಾರೆ. 'ವೈಷ್ಣವ ಜನ ತೋ' ಬರೆದವನ ಹೆಸರಿನ ಕೆರೆ ಅಂದಮೇಲೆ ದಂಡೆಯಲ್ಲಿ ದಯೆಗೇನು ಬರ? ಬೆಳಿಗ್ಗೆ ವಾಕಿಂಗ್ ಹೊರಟರೆ ಬೀದಿನಾಯಿಗೆ ಬಿಸ್ಕತ್ತು, ಪಾರಿವಾಳಕ್ಕೆ ಕಾಳು, ಇರುವೆ ಗೂಡಿಗೆ ಹಿಟ್ಟು, ನಾಯಿ ಹಿಡಿದು ಹೊರಟ ನನ್ನಂಥ ಕನ್ನಡಿಗನಿಗೆ ಪುಕ್ಕಟೆ ಸಲಹೆ. ಬೆಂಚಿಗೊಬ್ಬರು ಪಶುವೈದ್ಯರು ಇಲ್ಲಿ. ಓದಿದವರು ಮಾತ್ರ ಕ್ಲಿನಿಕ್ಕಿನಲ್ಲಿ ಫೀಸಿಗೆ ಕಾಯುತ್ತ ಕೂತಿರುತ್ತಾರೆ.

ನಮ್ಮ ಎದುರು ಮನೆಯ ಬೇನ್ ಬೆಕ್ಕು ಸಾಕಿದ್ದಾರೆ. ಹೆಸರು ಮಾಖಣ್. ಮೊಟ್ಟೆಯೂ ಹೊಸ್ತಿಲು ದಾಟದ ಮನೆ, ಹಾಗಾಗಿ ಬೆಕ್ಕಿಗೂ ಅದೇ ಮಡಿ. ಬೆಳಿಗ್ಗೆ ಬಟ್ಟಲು ತುಂಬ ಹಾಲು, ಮಧ್ಯಾಹ್ನ ತುಪ್ಪದ ಖಿಚಡಿ, ಭಾನುವಾರ ಫಾಫ್ಡಾ ಚೂರು. 'ಎಷ್ಟು ಸಾತ್ವಿಕ ನೋಡಿ ಭಾಯ್!' ಅಂತ ಅವರಿಗೆ ಹೆಮ್ಮೆ. ಬಾಲ್ಕನಿಗೆ ಬಂದ ಪಾರಿವಾಳವನ್ನು ಮಾಖಣ್ ನೋಡುತ್ತಿದ್ದ ನೋಟ ಮಾತ್ರ ದೇವರ ದರ್ಶನಕ್ಕೆ ನಿಂತವರ ನೋಟವಾಗಿರಲಿಲ್ಲ.

ಹೊಟ್ಟೆ ಕೆಟ್ಟು, ಕೂದಲು ಮಂಕಾದಾಗ ಡಾಕ್ಟರ ಹತ್ತಿರ ಹೋದರು. ಜೊತೆಗೆ ನಾನೂ. 'ಏನು ತಿನ್ನಿಸ್ತೀರಿ?' ಎಂದರೆ 'ಮನೆ ಊಟ' ಎಂಬ ಉತ್ತರ. ಡಾಕ್ಟರು ಪೆನ್ನು ಕೆಳಗಿಟ್ಟರು. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣವಾಗುವುದಿಲ್ಲ, ಹೊಟ್ಟೆ ಕೆಡುವುದು ಅದರಿಂದಲೇ ಇರಬಹುದು ಎಂದರು. ದೊಡ್ಡ ಮಾತು ಆಮೇಲೆ ಬಂತು. ಟಾರಿನ್ ಎಂಬ ಸತ್ವ ಬೆಕ್ಕಿನ ಮೈಯಲ್ಲಿ ಸಾಕಷ್ಟು ತಯಾರಾಗುವುದಿಲ್ಲ, ಮಾಂಸ-ಮೀನಿನಿಂದ ಬರಬೇಕು. ಬರದೇ ಹೋದರೆ ಕಣ್ಣು ಹೋಗುತ್ತದೆ, ಹೃದಯ ಹಿಗ್ಗಿ ಸೋಲುತ್ತದೆ. ಈ ಹೃದಯದ ಸಂಗತಿ ಕ್ಯಾಲಿಫೋರ್ನಿಯಾದ ಪಶುವೈದ್ಯರಿಗೆ ಗೊತ್ತಾದದ್ದೇ 1987ರಲ್ಲಿ. ಆಮೇಲೆ ಕಂಪನಿಗಳು ಬೆಕ್ಕಿನ ಆಹಾರಕ್ಕೆ ಟಾರಿನ್ ಹೆಚ್ಚು ಬೆರೆಸಿದವು.

ಈಗ ಮಾಖಣ್‌ಗೂ ಅಂಥದ್ದೇ ಆಹಾರ, ಆದರೆ ಆ ಪೊಟ್ಟಣ ಅಡುಗೆಮನೆಗೆ ಬರುವುದಿಲ್ಲ. ಅದರ ವಾಸ ಬಾಗಿಲಾಚೆಯ ಚಪ್ಪಲಿ ಗೂಡಿನಲ್ಲಿ, ಹಳೇ ಬಾಟಾ ಡಬ್ಬಿಯೊಳಗೆ. ಅದಕ್ಕೊಂದು ಬೇರೆ ಚಮಚ, ತುದಿಗೆ ಕೆಂಪು ದಾರ. ಬೇನ್ ಮೂಗಿಗೆ ಸೆರಗು ಹಿಡಿದು ಬಡಿಸಿ, ಒಳಗೆ ಹೋಗಿ ಕೈ ತೊಳೆದು, ದೇವರಿಗೊಂದು ದೀಪ ಹಚ್ಚುತ್ತಾರೆ. ಬೆಕ್ಕಿನ ಪಾಪಕ್ಕೋ, ತಮ್ಮ ಪಾಪಕ್ಕೋ, ಕೇಳುವ ಧೈರ್ಯ ನನಗಿಲ್ಲ.

ನಾಯಿಯ ಜಾತಿ ಬೇರೆ. ಸಾವಿರಾರು ವರ್ಷ ಮನುಷ್ಯರ ಎಂಜಲು ತಿಂದು ಪಿಷ್ಟ ಅರಗಿಸುವ ಶಕ್ತಿಯನ್ನು ತೋಳಕ್ಕಿಂತ ಹೆಚ್ಚು ಗಳಿಸಿಕೊಂಡಿದೆ. ಪೌಷ್ಟಿಕಾಂಶ ತೂಗಿಸಿ ಕೊಟ್ಟರೆ ಸಸ್ಯಾಹಾರದಲ್ಲೂ ಬದುಕುತ್ತದೆ. ಇಲ್ಲಿ ಗುಜರಾತಿಗಳೇ ಗೆದ್ದರು ನೋಡಿ! ಈರುಳ್ಳಿ, ಬೆಳ್ಳುಳ್ಳಿ ನಾಯಿ-ಬೆಕ್ಕುಗಳ ಕೆಂಪು ರಕ್ತಕಣ ಒಡೆಯುತ್ತವೆ. ಜೈನರ ಅಡುಗೆಯಲ್ಲಿ ಎರಡೂ ಇಲ್ಲ. ದಾವಣಗೆರೆಯಿಂದ ಬಂದ ನಮ್ಮತ್ತೆ ಮಾತ್ರ 'ಪಾಪ, ಬರೇ ಅನ್ನ ಹೆಂಗ್ ತಿಂತೈತಿ' ಅಂತ ಈರುಳ್ಳಿ ಸಾರು ಸುರಿಯಲು ಹೊರಟಿದ್ದರು. ತಡೆದಿದ್ದಕ್ಕೆ ಇವತ್ತಿಗೂ ನಾನು ಜಿಪುಣ ಅಳಿಯ. ಹಾಗಂತ ಬೇನ್ ಮನೆಯ ಪ್ರಸಾದವೂ ಪೂರ್ತಿ ನಿರಪಾಯಕಾರಿಯಲ್ಲ: ಶೀರಾದೊಳಗಿನ ದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸಬಲ್ಲದು.

ಔಷಧದ ವಿಷಯಕ್ಕೆ ಬಂದರೆ ನಗು ನಿಲ್ಲುತ್ತದೆ. ನಮಗೆ ತಲೆನೋವಿಗೆ ಕೈಗೆ ಸಿಗುವ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಸಾಕು ಬೆಕ್ಕನ್ನು ಕೊಲ್ಲಲು. ಅದನ್ನು ಕರಗಿಸಿ ಹೊರಹಾಕುವ ಕಸುಬು ಬೆಕ್ಕಿನ ಪಿತ್ತಜನಕಾಂಗಕ್ಕೆ ಸರಿಯಾಗಿ ಗೊತ್ತಿಲ್ಲ. ನಾಯಿಯ ಉಣ್ಣಿಗೆ ಹಾಕುವ ಪರ್ಮೆಥ್ರಿನ್ ಔಷಧವೂ ಅಷ್ಟೇ, ಬೆಕ್ಕಿಗೆ ವಿಷ. ಬೆಂಚಿನ ವೈದ್ಯರು ಇವೆರಡನ್ನೂ ಧಾರಾಳವಾಗಿ ಬರೆದುಕೊಡುತ್ತಾರೆ.

ಇನ್ನು ಈ ಊರಿನ ಬಿಸಿಲು. 2016ರ ಮೇ 20ರಂದು ಇಲ್ಲಿ 48 ಡಿಗ್ರಿ ದಾಖಲಾಯಿತು. ನಮ್ಮ ಹಾಗೆ ಮೈಯೆಲ್ಲ ಬೆವರುವ ಭಾಗ್ಯ ನಾಯಿಗಿಲ್ಲ. ನಾಲಿಗೆ ಚಾಚಿ ಏದುಸಿರು ಬಿಡುವುದೇ ಅದರ ಫ್ಯಾನು. ಅಂಗೈ ಹಿಂಭಾಗವನ್ನು ರಸ್ತೆಗೆ ಏಳು ಸೆಕೆಂಡ್ ಇಡಲಾಗದಿದ್ದರೆ ನಾಯಿಯನ್ನು ಹೊರಗೆ ಕರೆದೊಯ್ಯಬೇಡಿ ಎನ್ನುತ್ತಾರೆ ಡಾಕ್ಟರು. ನಾನು ಬಗ್ಗಿ ಹಾಗೆ ಪರೀಕ್ಷಿಸುವಾಗ ವಾಚ್‌ಮನ್ 'ಸಾಹೇಬ್, ಏನು ಬಿತ್ತು?' ಅಂತ ಜೊತೆಗೆ ಹುಡುಕುತ್ತಾನೆ.

ಮೊನ್ನೆ ಬೇನ್ ಹೊಸ ಪ್ರಶ್ನೆ ತಂದರು. ನಾಳೆ ಏಕಾದಶಿ, ಮಾಖಣ್‌ಗೂ ಉಪವಾಸ ಮಾಡಿಸಬಹುದಾ? ಡಾಕ್ಟರಿಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದೆ. ಬೆಕ್ಕು ಎರಡು ಮೂರು ದಿನ ಅನ್ನ ಬಿಟ್ಟರೆ, ಅದರಲ್ಲೂ ದಪ್ಪ ಬೆಕ್ಕು, ಮೈಯ ಕೊಬ್ಬೆಲ್ಲ ಪಿತ್ತಜನಕಾಂಗಕ್ಕೆ ನುಗ್ಗಿ ಜೀವಕ್ಕೇ ಸಂಚಕಾರ ಬರುತ್ತದೆ, ಉಪವಾಸದ ಅಭ್ಯಾಸವೇ ಬೇಡ ಎಂದರು. ಬೇನ್ ಸ್ವಲ್ಪ ಹೊತ್ತು ಯೋಚಿಸಿ ಫೋನಿನತ್ತ ಬಾಗಿದರು.

'ಹಾಗಾದರೆ ಸಾಬುದಾನ ಖಿಚಡಿ?'