ಟೋಪಿ ಹಾಕುವ ಸ್ಟೇಷನ್ನು

ಮಾಸ್ಕೊದ ಮೆಟ್ರೊ ಎಂದರೆ ಎಲ್ಲರೂ ತೋರಿಸುವುದು ನೆಲದಡಿಯ ಅರಮನೆಗಳನ್ನೇ. ಅಮೃತಶಿಲೆ, ತೂಗುದೀಪ, ಮೊಸಾಯಿಕ್ಕು. ಕತ್ತು ನೋಯುವಷ್ಟು ನಾನೂ ನೋಡಿದೆ. ಆದರೆ ಬೆಂಗಳೂರಿನವನಿಗೆ ಮೆಟ್ರೊ ಎಂದರೆ ಬಿಸಿಲು ಗಾಳಿಯಲ್ಲಿ ಓಡುವಂಥದು. ಅದಕ್ಕೇ ಇರಬೇಕು, ನಗರದ ಪಶ್ಚಿಮಕ್ಕಿರುವ ಫಿಲ್ಯೋವ್‌ಸ್ಕಿ ಪಾರ್ಕ್ ಎಂಬ ಬಡಪಾಯಿ ಸ್ಟೇಷನ್ನಿಗೆ ಮನಸ್ಸು ಅಂಟಿಕೊಂಡಿತು. ಹಳಿಗಳ ನಡುವೆ ಒಂದು ಪ್ಲಾಟ್‌ಫಾರಂ, ಮೇಲೊಂದು ಸೂರು. ಗೋಡೆ ಕಟ್ಟುವುದನ್ನು ಮರೆತರೇನೋ ಅನ್ನಿಸುತ್ತದೆ.

ಮರೆತದ್ದಲ್ಲ, ಉಳಿತಾಯ. ಕಟ್ಟಡಗಳಲ್ಲಿ ದುಂದು ಸಾಕು ಎಂದು 1955ರಲ್ಲಿ, ಸೋವಿಯತ್ ನಾಯಕ ಕ್ರುಶ್ಚೇವ್ ಕಾಲದಲ್ಲಿ, ಆಜ್ಞೆಯಾಯಿತು. ಐದು ಮಹಡಿಯ ಅಗ್ಗದ ಮನೆಗಳು ಎದ್ದವು. ನಗರದ ಒಳಭಾಗ ಬಿಟ್ಟರೆ ಸುರಂಗದ ಖರ್ಚಿಲ್ಲದ ಈ ಲೈನೂ ಬಂತು. ನಮ್ಮ ಸ್ಟೇಷನ್ನು ತೆರೆದದ್ದು 1961ರಲ್ಲಿ. ತೂಗುದೀಪ ಕೊಡದೆ ಜನಕ್ಕೆ ಟೋಪಿ ಹಾಕಿದರು ಅನ್ನಬಹುದು. ಬದಲಿಗೆ ಸೂರ್ಯನನ್ನು ಕೊಟ್ಟರಲ್ಲ ಎಂದರೆ, ಜನವರಿಯಲ್ಲಿ ಅವನೂ ಖೋತಾ.

ಇದಕ್ಕೆ ತದ್ವಿರುದ್ಧವಾಗಿ, ಈ ಸೀಮೆಯದೇ ಆದ ಪಾರ್ಕ್ ಪಾಬೆದಿ ಸ್ಟೇಷನ್ನು ತುಂಬ ಆಳದಲ್ಲಿದೆ. ಎಸ್ಕಲೇಟರಿನಲ್ಲಿ ಸುಮಾರು 3 ನಿಮಿಷ ಸುಮ್ಮನೆ ನಿಲ್ಲಬೇಕು. ದರ್ಶಿನಿಯಲ್ಲಿ ಅಷ್ಟರೊಳಗೆ ಕಾಫಿ ಮುಗಿದಿರುತ್ತದೆ.

ನಮ್ಮ ಸ್ಟೇಷನ್ನಿನ ಲೈನಿನಲ್ಲಿರುವ ಹೆಸರುಗಳನ್ನು ಕೇಳಿ: ಕುತುಜೋವ್‌ಸ್ಕಯಾ, ಫಿಲಿ, ಬಗ್ರತಿಯೋನೊವ್‌ಸ್ಕಯಾ. ನೆಪೋಲಿಯನ್ನನನ್ನು ಎದುರಿಸಿದ ಸೇನಾಪತಿಗಳಿಬ್ಬರು, ನಡುವೆ ಫಿಲಿ ಎಂಬ ಹಳ್ಳಿಯನ್ನಿಟ್ಟುಕೊಂಡು, ಸಾಲಾಗಿ ಸ್ಟೇಷನ್ನುಗಳಾಗಿದ್ದಾರೆ. 1812ರಲ್ಲಿ ಕುತುಜೋವ್ ಫಿಲಿಯ ರೈತನೊಬ್ಬನ ಮನೆಯಲ್ಲಿ ಸಭೆ ಕರೆದು, ಮಾಸ್ಕೊ ಬಿಟ್ಟು ಹೊರಡೋಣ ಎಂದು ತೀರ್ಮಾನಿಸಿದ. ಅದು ಸೆಪ್ಟೆಂಬರ್. ಜನವರಿಯಲ್ಲಿ, ಈ ಪ್ಲಾಟ್‌ಫಾರಮ್ಮಿನ ಮೇಲೆ ಸಭೆ ಸೇರಿದ್ದರೆ ಚರ್ಚೆಯೇ ಬೇಕಾಗುತ್ತಿರಲಿಲ್ಲ.

ರೈಲಿನೊಳಗಿನ ಘೋಷಣೆಯಲ್ಲೂ ಒಂದು ತಮಾಷೆಯಿದೆ. ನಗರದ ಮಧ್ಯಕ್ಕೆ ಹೋಗುವಾಗ ಗಂಡುದನಿ, ಹೊರಕ್ಕೆ ಬರುವಾಗ ಹೆಣ್ಣುದನಿ. ಕೆಲಸಕ್ಕೆ ಕರೆಯುವವನು ಸಾಹೇಬ, ಮನೆಗೆ ಕರೆಯುವವಳು ಹೆಂಡತಿ ಎಂದು ಅಲ್ಲಿಯವರು ನೆನಪಿಟ್ಟುಕೊಳ್ಳುತ್ತಾರಂತೆ. ಹೆಂಡತಿಯೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಏನು ಹೇಳುತ್ತಾರೋ!

ಮೊದಲ ದಿನ ಹೆಣ್ಣುದನಿಯ ರೈಲಿನಿಂದ ಇಳಿದೆ. ಸುರಂಗದ ಬಿಸುಪಿನಲ್ಲಿ ತೆಗೆದ ಟೋಪಿ ಜೇಬಿನಲ್ಲೇ ಉಳಿದಿತ್ತು. ಹಿಮ ಅಡ್ಡಡ್ಡ ಬೀಳುತ್ತಿತ್ತು. ಕೈಚೀಲ ಹಿಡಿದ ಅಜ್ಜಿಯೊಬ್ಬರು ನನ್ನ ಬೋಳುತಲೆ ನೋಡಿ ನಿಂತೇಬಿಟ್ಟರು. ಬೆರಳೆತ್ತಿ "ಶಾಪ್ಕಾ!" ಎಂದು ಗದರಿದರು. ಟೋಪಿ ಎಂದರ್ಥ. ಆಮೇಲೆ ಹೇಳಿದ್ದೊಂದೂ ತಿಳಿಯಲಿಲ್ಲ. ಆದರೂ ನಮ್ಮಜ್ಜಿಯ ಬೈಗುಳದ ಧಾಟಿಯೇ. ಟೋಪಿ ಕಿವಿ ಮುಚ್ಚುವವರೆಗೂ ಅವರು ಕದಲಲಿಲ್ಲ. ಪರದೇಶದಲ್ಲಿ ಯಾರಾದರೂ ಟೋಪಿ ಹಾಕಿಯಾರು ಎಂದು ಊರಿನಲ್ಲಿ ಎಲ್ಲರೂ ಎಚ್ಚರಿಸಿಯೇ ಕಳಿಸಿದ್ದರು.